ಬೆಳೆದದ್ದಾಯ್ತು, ಮಾರೋದು ಯಾರು?

ಯೂಟ್ಯೂಬ್‌ನಲ್ಲಿ ಸಾವಯವ ರೈತರ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ರೈತರೊಬ್ಬರು ಬಗ್ಗಿ ಒಂದು ಹಿಡಿ ಮಣ್ಣು ಎತ್ತುತ್ತಾರೆ. ಅದರಲ್ಲಿ ಎರೆಹುಳು ಓಡಾಡುತ್ತಿರುತ್ತದೆ, ಹಿಂದೆ ಕೊಳಲು. ವಿಡಿಯೋ ಅಲ್ಲಿಗೆ ಮುಗಿಯಿತು. ಆ ಮಣ್ಣಲ್ಲಿ ಬೆಳೆದ ಬದನೆ, ಬೆಂಡೆ, ದಂಟಿನ ಸೊಪ್ಪು ಎಲ್ಲಿಗೆ ಹೋಯಿತು, ಯಾರು ಕೊಂಡರು, ಎಷ್ಟಕ್ಕೆ ಕೊಂಡರು, ಮಾರಾಟವಾಗದೆ ಉಳಿದದ್ದು ಏನಾಯಿತು ಅಂತ ಯಾರೂ ತೋರಿಸುವುದಿಲ್ಲ. ನನಗೆ ಕುತೂಹಲ ಇರುವುದು ಈ ತೋರಿಸದ ಭಾಗದ ಬಗ್ಗೆ. ಎರಡು ಮೂರು ಎಕರೆ ಇಟ್ಟುಕೊಂಡು, ರಾಸಾಯನಿಕ ಬಿಟ್ಟು, ಮಣ್ಣಿಗೆ ಮತ್ತೆ ಜೀವ ತುಂಬಿ, ತಮ್ಮ ಸುತ್ತಮುತ್ತಲಿನ ಜನಕ್ಕೇ ಊಟಕ್ಕೆ ಬೇಕಾದ್ದು ಬೆಳೆಯಬೇಕು ಅಂತ ಹೊರಟವರು ಹೊಲದಲ್ಲಿ ಸೋಲುವುದು ಕಡಿಮೆ. ಹೊಲಕ್ಕೂ ಪಕ್ಕದ ಪೇಟೆಯ ಅಡುಗೆಮನೆಗೂ ನಡುವೆ ಇರುವ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಸೋಲುವವರೇ ಜಾಸ್ತಿ.

ಮೊದಲು ಹೊಲದ ವಿಷಯ ನೋಡೋಣ, ಯಾಕೆಂದರೆ ಅಲ್ಲೂ ಸುಮಾರು ಉತ್ಪ್ರೇಕ್ಷೆ ಇದೆ.

ಈಗ ದೊಡ್ಡ ಕಂಪನಿಗಳು 'ರೀಜನರೇಟಿವ್', ಅಂದರೆ ಮಣ್ಣಿಗೆ ಮತ್ತೆ ಜೀವ ತುಂಬುವ ಕೃಷಿ ಅಂತ ಮಾತಾಡುವುದರ ಬಹುಪಾಲು ನಮ್ಮ ಬಯಲುಸೀಮೆಗೆ ಹೊಸದೇನಲ್ಲ. ಹಳೇ ಮೈಸೂರು ಕಡೆಯ ರಾಗಿ ಹೊಲದ ಅಕ್ಕಡಿ ಸಾಲನ್ನೇ ತೆಗೆದುಕೊಳ್ಳಿ. ಕೆಲವು ಸಾಲು ರಾಗಿ, ಮಧ್ಯೆ ಒಂದು ಸಾಲು ಅವರೆ ಅಥವಾ ತೊಗರಿ, ಜೊತೆಗೆ ಹುಚ್ಚೆಳ್ಳು, ಸಾಸಿವೆ, ಒಂದಿಷ್ಟು ಜೋಳ. ಅವರೆ, ತೊಗರಿ ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದಿಡುತ್ತವೆ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ. ರಾಗಿ ಕುಯ್ದ ಮೇಲೂ ಅವರೆ ಇಬ್ಬನಿಯಲ್ಲೇ ಬೆಳೆದು ಸೊಗಡು ಕಾಯಿ ಕೊಡುತ್ತದೆ. ಮುಂಗಾರು ಕೈಕೊಟ್ಟರೂ ಏನೋ ಒಂದು ಮನೆ ಸೇರುತ್ತದೆ. ಇದು ಕಡಿಮೆಯಾಗಿದ್ದಕ್ಕೆ ಯೂರಿಯಾ ಒಂದೇ ಕಾರಣ ಅಲ್ಲ. ಕೂಲಿ ಆಳು ಸಿಗದೆ ರಾಗಿ ಕೊಯ್ಲಿಗೂ ಯಂತ್ರ ಬಂತು, ಯಂತ್ರಕ್ಕೆ ಹೊಲದ ತುಂಬ ಒಂದೇ ಬೆಳೆ ಇದ್ದರೆ ಅನುಕೂಲ. ಅಕ್ಕಡಿ ಸಾಲು ಯಂತ್ರಕ್ಕೆ ಅಡ್ಡ. ಹಳೇ ಪದ್ಧತಿ ಬಿಟ್ಟ ರೈತರನ್ನು ಬೈಯುವ ಮೊದಲು ಇದನ್ನು ಯೋಚಿಸಬೇಕು ಅಲ್ವಾ?

ಉಳಿದ ವಿಧಾನಗಳೂ ಗೊತ್ತಿರುವವೇ. ಉಳುಮೆ ಆದಷ್ಟು ಕಡಿಮೆ ಮಾಡುವುದು. ಮಣ್ಣಿನ ಮೇಲೆ ಹುಲ್ಲು, ತರಗು ಹೊದಿಸುವುದು. ಮಳೆಗಾಲಕ್ಕೆ ಮುಂಚೆ ಅಪ್ಸೆಣಬು ಚೆಲ್ಲಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು. ಬದುವಿನ ಹೊಂಗೆ, ಗ್ಲಿರಿಸಿಡಿಯಾ ಸೊಪ್ಪು ಕಡಿದು ಹಾಕುವುದು. ಕೆರೆ ಗೋಡು ಹೊಡೆಸುವುದು, ಬೇಸಿಗೆಯಲ್ಲಿ ಕುರಿ ಮಂದೆ ನಿಲ್ಲಿಸುವುದು. ದೊಡ್ಡಬಳ್ಳಾಪುರದ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ಸಾವಿರಾರು ರೈತರಿಗೆ ಹೊರಗಿನಿಂದ ಕೊಳ್ಳುವುದನ್ನು ಕಡಿಮೆ ಮಾಡಿ ಅಂತಲೇ ಹೇಳುತ್ತಿದ್ದರು. ಶೂನ್ಯ ಬಂಡವಾಳ ನೈಸರ್ಗಿಕ ಕೃಷಿ ಹೇಳಿಕೊಡುವ ಸುಭಾಷ್ ಪಾಳೇಕರ್ ಅವರ ಶಿಬಿರಗಳಿಂದ ಜೀವಾಮೃತ ಮನೆಮಾತಾಯಿತು. ಒಂದು ಡ್ರಮ್ಮಿನಲ್ಲಿ 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಎಕರೆಗೆ ಇಷ್ಟು ಸಾಕು ಅಂತ ಲೆಕ್ಕ.

ಸಾಕಾ? ಇಲ್ಲಿ ಸ್ವಲ್ಪ ಗಣಿತ ಬೇಕು. ಆ ಡ್ರಮ್ಮಿನಲ್ಲಿ ಎಲ್ಲ ಸೇರಿಸಿದರೂ ಕಾಲು ಕಿಲೋ ಸಾರಜನಕ ಇದ್ದರೆ ಹೆಚ್ಚು. ಮಳೆ ನಂಬಿದ ರಾಗಿಗೆ ನಮ್ಮ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 50 ಕಿಲೋ, ಅಂದರೆ ಎಕರೆಗೆ 20 ಕಿಲೋ. ಜೀವಾಮೃತ ಇರುವುದು ಸೂಕ್ಷ್ಮಜೀವಿಗಳನ್ನು ಹೆಚ್ಚಿಸಲು, ಅದು ಗೊಬ್ಬರವೇ ಅಲ್ಲ ಅಂತ ಪಾಳೇಕರ್ ಕಡೆಯವರು ಹೇಳುತ್ತಾರೆ. ಪಾಳೇಕರ್ ಪದ್ಧತಿಗೆ ವೈಜ್ಞಾನಿಕ ಆಧಾರ ಸಾಲದು ಅಂತ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ 2019ರಲ್ಲಿ ತಕರಾರು ತೆಗೆಯಿತು. ನನಗೆ ಕಾಣುವಂತೆ, ಇದರಲ್ಲಿ ಚೆನ್ನಾಗಿ ಬೆಳೆಯುತ್ತಿರುವವರ ಹೊಲದಲ್ಲಿ ಡ್ರಮ್ಮಿನ ಜೊತೆಗೆ ಬೇರೆ ಕೆಲಸಗಳೂ ನಡೆದಿರುತ್ತವೆ. ಅಕ್ಕಡಿ ಇರುತ್ತದೆ, ಹಸಿರೆಲೆ ಗೊಬ್ಬರ ಇರುತ್ತದೆ, ಕೊಟ್ಟಿಗೆಯಲ್ಲಿ ದನ ಇರುತ್ತವೆ. ಬರೀ ಡ್ರಮ್ಮು ನಂಬಿದವರು ಎರಡನೇ ವರ್ಷಕ್ಕೆ ಕೈಬಿಡುತ್ತಾರೆ.

ನೀರಿನ ಬಗ್ಗೆಯೂ ಹೀಗೇ. ಮಣ್ಣಲ್ಲಿ ಸಾವಯವ ಅಂಶ ಒಂದು ಶೇಕಡಾ ಹೆಚ್ಚಾದರೆ ಎಕರೆಗೆ 75 ಸಾವಿರ ಲೀಟರ್ ನೀರು ಹೆಚ್ಚು ಹಿಡಿಯುತ್ತದೆ ಅಂತ ಒಂದು ಲೆಕ್ಕ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪ್ರಪಂಚದ ಬೇರೆ ಬೇರೆ ಕಡೆಯ ಮಣ್ಣಿನ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿತು. ಸಾವಯವ ಇಂಗಾಲ ಶೇ. 1ರಷ್ಟು ಹೆಚ್ಚಿದರೆ 100 ಮಿಲಿಮೀಟರ್ ಆಳದ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ನೀರು ಸರಾಸರಿ 1.16 ಮಿಲಿಮೀಟರ್ ಹೆಚ್ಚಾಗುತ್ತದೆ, ಅಷ್ಟೇ. ಮೇಲಿನ ಅರ್ಧ ಅಡಿ ಮಣ್ಣಿಗೆ ಲೆಕ್ಕ ಹಾಕಿದರೆ ಎಕರೆಗೆ ಏಳು ಸಾವಿರ ಲೀಟರ್ ಆಸುಪಾಸು. ಅದಲ್ಲದೆ ನಮ್ಮ ಕೆಂಪು ಮಣ್ಣಿನಲ್ಲಿ ಎಷ್ಟೋ ಕಡೆ ಇಂಗಾಲವೇ ಅರ್ಧ ಶೇಕಡಾಕ್ಕಿಂತ ಕಡಿಮೆ, ಇನ್ನೊಂದು ಪೂರ್ತಿ ಶೇಕಡಾ ಏರಿಸುವುದು ಹುಡುಗಾಟ ಅಲ್ಲ. ಹಾಗಾದರೆ ಲಾಭವೇ ಇಲ್ಲವಾ ಅಂದರೆ, ಇದೆ. ಹೊದಿಕೆ ಇದ್ದರೆ ಬಿದ್ದ ಮಳೆ ಕೊಚ್ಚಿಕೊಂಡು ಹೋಗದೆ ಇಂಗುತ್ತದೆ, ಇಂಗಿದ್ದು ಬಿಸಿಲಿಗೆ ಬೇಗ ಆರುವುದಿಲ್ಲ. ಬೋರ್‌ವೆಲ್ಲಿನಲ್ಲಿ ಒಂದೂವರೆ ಇಂಚು ನೀರು ಇಟ್ಟುಕೊಂಡು ತರಕಾರಿ ಮಾಡುವವರಿಗೆ ಅದೇ ದೊಡ್ಡದು. ಸುಳ್ಳು ಲೆಕ್ಕ ಹೇಳುವ ಅಗತ್ಯವೇ ಇಲ್ಲ.

ಒಟ್ಟಿನಲ್ಲಿ ಮಣ್ಣು ಸುಧಾರಿಸುತ್ತದೆ, ಆದರೆ ನಿಧಾನವಾಗಿ. ಸಾವಯವ ಪ್ರಮಾಣಪತ್ರದ ರಾಷ್ಟ್ರೀಯ ನಿಯಮದಲ್ಲೇ ವಾರ್ಷಿಕ ಬೆಳೆಗೆ ಎರಡು ವರ್ಷ, ತೋಟದ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ ಅಂತ ಇದೆ. ಆ ವರ್ಷಗಳಲ್ಲಿ ಇಳುವರಿ ಇಳಿಯುತ್ತದೆ, ಕಳೆ ಏರುತ್ತದೆ, ಸಾವಯವ ಅಂತ ಮಾರುವ ಹಾಗೂ ಇಲ್ಲ. ಈ ಅವಧಿಯನ್ನೇ ಹಾರಿ ದಾಟಲು ಹೋದರೆ ಏನಾಗುತ್ತದೆ ಅಂತ ಶ್ರೀಲಂಕಾ ತೋರಿಸಿತು. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸುವ ತೀರ್ಮಾನ ಮಾಡಿದರು. ಭತ್ತ, ಚಹಾ ಎರಡೂ ಬಿದ್ದವು. ನವೆಂಬರ್‌ಗೆ ಆ ತೀರ್ಮಾನ ವಾಪಸ್ ತೆಗೆದುಕೊಂಡರು. ಮಣ್ಣಿಗೆ ಸರ್ಕಾರಿ ಆದೇಶ ಓದಲು ಬರುವುದಿಲ್ಲ.

ಈಗ ದುಡ್ಡಿನ ವಿಷಯ. ರಾಗಿಗೆ ಎಕರೆಗೆ 20 ಕಿಲೋ ಸಾರಜನಕ ಅಂದೆನಲ್ಲ. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ರೈತನಿಗೆ ಅದರ ಬೆಲೆ 266 ರೂಪಾಯಿ 50 ಪೈಸೆ. ಅಂಗಡಿಯಿಂದ ಬೈಕಿನ ಹಿಂದೆ ಕಟ್ಟಿಕೊಂಡು ಬಂದು ಒಂದು ಗಂಟೆಯಲ್ಲಿ ಎರಚಿ ಮುಗಿಸಬಹುದು. ಅಷ್ಟೇ ಸಾರಜನಕವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಕೊಡಬೇಕಾದರೆ ಟ್ರ್ಯಾಕ್ಟರ್ ಲೋಡ್‌ಗಟ್ಟಲೆ ಬೇಕು. ಒಂದೊಂದು ಲೋಡಿಗೂ ಸಾವಿರಗಳಲ್ಲಿ ಬೆಲೆ, ಅದನ್ನು ಹರಡಲು ಆಳಿನ ಕೂಲಿ ಬೇರೆ. ಯೂರಿಯಾ ಅಗ್ಗ ಆಗಿರುವುದು ಸಬ್ಸಿಡಿಯಿಂದ. 2024-25ರ ಕೇಂದ್ರ ಬಜೆಟ್ಟಿನಲ್ಲಿ ಗೊಬ್ಬರ ಸಬ್ಸಿಡಿಗೆ ಇಟ್ಟದ್ದು ಸುಮಾರು 1.64 ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್‌ಗೆ ಕೇಂದ್ರ, ರಾಜ್ಯ ಎರಡೂ ಸೇರಿ 2,481 ಕೋಟಿ. ಅದರಲ್ಲಿ ಒಂದು ಕೋಟಿ ರೈತರನ್ನು ಮುಟ್ಟುವ ಗುರಿ. ಭಾಗಿಸಿ ನೋಡಿ, ತಲೆಗೆ ಎರಡೂವರೆ ಸಾವಿರ ರೂಪಾಯಿಯೂ ಬರುವುದಿಲ್ಲ.

ಇಷ್ಟಾದರೂ ಕೆಲವರು ಮಾಡುತ್ತಾರೆ. ಮಾಡಿ ಬೆಳೆದಾಗ ಎರಡನೇ ತಾಪತ್ರಯ ಶುರು.

ರಿಸರ್ವ್ ಬ್ಯಾಂಕಿನ ಸಂಶೋಧಕರು 2024ರಲ್ಲಿ ಒಂದು ಅಂದಾಜು ಕೊಟ್ಟರು. ಟೊಮೆಟೊಗೆ ಗ್ರಾಹಕ ಒಂದು ರೂಪಾಯಿ ಕೊಟ್ಟರೆ ಅದರಲ್ಲಿ ರೈತನಿಗೆ ತಲುಪುವುದು ಸುಮಾರು 33 ಪೈಸೆ. ಈರುಳ್ಳಿ, ಆಲೂಗಡ್ಡೆಯಲ್ಲಿ ಸ್ವಲ್ಪ ಜಾಸ್ತಿ. ಇದನ್ನು ಓದಿದವರಿಗೆಲ್ಲ ಮೊದಲು ಹೊಳೆಯುವುದು ದಲ್ಲಾಳಿಯನ್ನು ತೆಗೆದುಬಿಡೋಣ, ನೇರ ಮಾರೋಣ ಅನ್ನುವುದು. ಸರಿ, ಆದರೆ ಆ 67 ಪೈಸೆ ಪೂರ್ತಿ ಲೂಟಿ ಅಲ್ಲ. ಅದರಲ್ಲಿ ಕ್ರೇಟು, ಲಾರಿ, ಹಮಾಲಿ, ಕಮಿಷನ್ ಇದೆ. ಕೊಳೆತು ಹೋದದ್ದರ ನಷ್ಟ ಇದೆ. ಬೆಳಗ್ಗೆಯಿಂದ ರಾತ್ರಿವರೆಗೆ ತಳ್ಳುಗಾಡಿ ಪಕ್ಕ ನಿಂತವರ ದಿನದ ಕೂಲಿಯೂ ಇದೆ. ದಲ್ಲಾಳಿ ಹೋದರೂ ಆ ಕೆಲಸಗಳು ಹೋಗುವುದಿಲ್ಲ. ಅಷ್ಟನ್ನೂ ರೈತನ ಮನೆಯವರು ಮಾಡಬೇಕು, ಬಹಳ ಮನೆಗಳಲ್ಲಿ ಹೆಂಗಸರು ಮಾಡಬೇಕು. ಹಿಂದಿನ ಸಂಜೆ ಸೊಪ್ಪು ಕಿತ್ತು, ತೊಳೆದು, ಕಟ್ಟು ಕಟ್ಟಿ, ಬೆಳಗ್ಗೆ ಮೊದಲ ಬಸ್ಸಿಗೆ ಪೇಟೆಗೆ ಹೊತ್ತೊಯ್ದು, ಸಂತೆಯಲ್ಲಿ ಕೂತು, ಮಧ್ಯಾಹ್ನ ಉಳಿದದ್ದನ್ನು ಅರ್ಧ ಬೆಲೆಗೆ ಕೊಟ್ಟು, ವಾಪಸ್ ಬಂದು ಮತ್ತೆ ಹಾಲು ಕರೆಯುವುದು. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಉಳಿಯುತ್ತದೆ ನಿಜ, ಮಿತಿ ಮೀರಿದ ಮೂಟೆಗೆ ಲಗೇಜ್ ಚಾರ್ಜ್ ಉಳಿಯುವುದಿಲ್ಲ.

ಮಂಡಿಗೆ ಹಾಕುವ ದಾರಿಯಲ್ಲಿ ಈ ರಗಳೆ ಇಲ್ಲ, ಆದರೆ ಬೆಲೆ ದೇವರಿಗೆ ಬಿಟ್ಟದ್ದು. ಕೋಲಾರದಲ್ಲಿ 2023ರ ಜುಲೈನಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಅದೇ ಜಿಲ್ಲೆಯಲ್ಲಿ ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿ ಟೊಮೆಟೊ ಸುರಿದ ವರ್ಷಗಳೂ ಇವೆ. ಮುಖ್ಯವಾಗಿ, ಮಂಡಿಯಲ್ಲಿ ನಿಮ್ಮ ಮಣ್ಣು ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಬಣ್ಣ, ಗಾತ್ರ, ಗಟ್ಟಿತನ, ಅಷ್ಟೇ.

ನೇರ ಮಾರಾಟದ ಇನ್ನೊಂದು ಕಷ್ಟ ಕಡಿಮೆ ಜನ ಮಾತಾಡುವಂಥದ್ದು. ಒಂದು ಮನೆಗೆ ವಾರಕ್ಕೆ ಬೇಕಾದ್ದು ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಬೀನ್ಸು, ಎರಡು ಥರ ಸೊಪ್ಪು. ಒಬ್ಬ ರೈತನ ಹತ್ತಿರ ಈ ವಾರ ಇರುವುದು ಐವತ್ತು ಕಿಲೋ ಬದನೆ, ಬೇಡವೆಂದರೂ ಬೆಳೆಯುತ್ತಲೇ ಇರುವ ಸೋರೆಕಾಯಿ. ಗ್ರಾಹಕರು ಮೊದಲ ವಾರ ಖುಷಿಯಿಂದ ಕೊಳ್ಳುತ್ತಾರೆ. ಮೂರನೇ ವಾರವೂ ಸೋರೆಕಾಯಿ ಬಂದರೆ ಫೋನ್ ಎತ್ತುವುದಿಲ್ಲ. ಪರಿಹಾರ ಏನೆಂದರೆ ಎಂಟು ಹತ್ತು ರೈತರು ಸೇರಿ ಯಾರು ಯಾವಾಗ ಏನು ಬಿತ್ತಬೇಕು ಅಂತ ಸರದಿ ಹಾಕಿಕೊಳ್ಳುವುದು. ಹೇಳಲು ಸುಲಭ. ಆ ಸರದಿ ಹಾಕಿ, ಗ್ರಾಹಕರ ಪಟ್ಟಿ ಇಟ್ಟು, ಗಾಡಿ ಹೊಂದಿಸಿ, ದುಡ್ಡು ಹಂಚಿ, ಜಗಳ ಬಿಡಿಸುವವರು ಒಬ್ಬರು ಬೇಕು. ಅದು ಪೂರ್ಣ ಪ್ರಮಾಣದ ಕೆಲಸ. ಡ್ರಮ್ಮಿಗೆ ಸಬ್ಸಿಡಿ ಸಿಗುತ್ತದೆ, ಎರೆಗೊಬ್ಬರದ ತೊಟ್ಟಿಗೆ ಸಿಗುತ್ತದೆ, ತರಬೇತಿಗೆ ಊಟ ಸಮೇತ ದುಡ್ಡು ಸಿಗುತ್ತದೆ. ಈ ವ್ಯಕ್ತಿಗೆ ವರ್ಷಗಟ್ಟಲೆ ಸಂಬಳ ಕೊಡಲು ಯಾರೂ ಮುಂದೆ ಬರುವುದಿಲ್ಲ. ನನ್ನ ಪ್ರಕಾರ ಎಷ್ಟೋ ಗುಂಪುಗಳು ಒಡೆಯುವುದು ಇಲ್ಲೇ.

ಸುಮ್ನೆ ಒಂದು ಲೆಕ್ಕ ಹಾಕೋಣ. ನೀರಾವರಿ ಇರುವ ಒಂದು ಎಕರೆ, ಮಿಶ್ರ ತರಕಾರಿ. ತಾಲ್ಲೂಕು ಕೇಂದ್ರದಲ್ಲಿ 40 ಮನೆ, ಪ್ರತಿ ಮನೆಗೆ ವಾರಕ್ಕೆ 5 ಕಿಲೋದ ಒಂದು ಬುಟ್ಟಿ, 300 ರೂಪಾಯಿ. ವಾರಕ್ಕೆ 12 ಸಾವಿರ. ಆಳು, ಬೀಜ, ಪೆಟ್ರೋಲು ಕಳೆದರೂ ಒಂದು ಸಂಸಾರ ನಡೆಯುತ್ತದೆ. ಆದರೆ 40ರಲ್ಲಿ 15 ಮನೆಯವರು 'ಈ ವಾರ ಬೇಡ, ಊರಿಗೆ ಹೋಗ್ತಿದೀವಿ' ಅಂದರೆ ಲೆಕ್ಕ ತಲೆಕೆಳಗು, ಯಾಕೆಂದರೆ ಬೆಳೆ ಊರಿಗೆ ಹೋಗುವುದಿಲ್ಲ. ಕಿಲೋಗೆ ಹತ್ತು ರೂಪಾಯಿ ಜಾಸ್ತಿ ಕೊಡುತ್ತೇನೆ ಅನ್ನುವ ಗ್ರಾಹಕನಿಗಿಂತ, ಮೂರು ತಿಂಗಳು ಬಿಡದೆ ಕೊಳ್ಳುತ್ತೇನೆ ಅಂತ ಮುಂಗಡ ಕೊಡುವ ಗ್ರಾಹಕ ರೈತನಿಗೆ ಹೆಚ್ಚು ಬೆಲೆಬಾಳುತ್ತಾನೆ. ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆದ ತೇಯ್ಕೆಯ್ ವ್ಯವಸ್ಥೆ ನಿಂತಿದ್ದು ಇಂಥ ನಿರಂತರ ಒಪ್ಪಂದದ ಮೇಲೆ. ಬೆಳೆದದ್ದನ್ನೆಲ್ಲ ಗ್ರಾಹಕರ ಗುಂಪು ತೆಗೆದುಕೊಳ್ಳಬೇಕು ಅನ್ನುವುದು ಅದರ ತತ್ವಗಳಲ್ಲಿ ಒಂದು. ಅಮೆರಿಕದಲ್ಲಿ 1986ರ ಸುಮಾರಿಗೆ ಶುರುವಾದ ಇಂಥದ್ದೇ ಪದ್ಧತಿಯಲ್ಲಿ ಋತುವಿನ ಆರಂಭದಲ್ಲೇ ದುಡ್ಡು ಕಟ್ಟುತ್ತಾರೆ, ಆಲಿಕಲ್ಲು ಮಳೆ ಬಿದ್ದರೆ ನಷ್ಟದಲ್ಲೂ ಪಾಲು. ನಮ್ಮಲ್ಲಿ ಬೆಂಗಳೂರಿನ ಕೆಲವು ಗುಂಪುಗಳು ಪ್ರಯತ್ನಪಟ್ಟಿವೆ. ಸಣ್ಣ ಊರುಗಳಲ್ಲಿ ಇದು ಕಡಿಮೆ.

ಬೆಂಗಳೂರು ಅಂದೆನಲ್ಲ, ಅದೇ ಒಂದು ಪೇಚು. ಒಳ್ಳೆ ಬೆಲೆ ಅಲ್ಲಿ ಸಿಗುತ್ತದೆ, ಹಾಗಾಗಿ ಮಂಡ್ಯ, ರಾಮನಗರ, ದೊಡ್ಡಬಳ್ಳಾಪುರದ ಸಾವಯವ ತರಕಾರಿ ಅಲ್ಲಿಗೇ ಹೋಗುತ್ತದೆ. ಬೆಳೆದ ಊರಿನ ಮಕ್ಕಳು ಪೇಟೆಯಿಂದ ಬಂದ ತರಕಾರಿಯನ್ನೇ ತಿನ್ನುತ್ತವೆ. ರೈತನನ್ನು ದೂರಲು ಆಗದು, ಅವನಿಗೂ ಸಾಲ ಇದೆ. ಆದರೆ ಅದನ್ನು 'ಸ್ಥಳೀಯ ಆಹಾರ' ಅಂತ ಕರೆದು ಮೆಟ್ರೋ ಪಕ್ಕದ ಅಂಗಡಿಯಲ್ಲಿ ಇಡುವಾಗ ನನಗೆ ಸ್ವಲ್ಪ ನಗು ಬರುತ್ತದೆ. ಬಹುರಾಷ್ಟ್ರೀಯ ಕಂಪನಿಗಳ ಕಥೆ ಇನ್ನೂ ದೂರದ್ದು. ಪೆಪ್ಸಿಕೋ 2021ರಲ್ಲಿ 70 ಲಕ್ಷ ಎಕರೆಯಲ್ಲಿ ರೀಜನರೇಟಿವ್ ಕೃಷಿ ಹರಡುವ ಗುರಿ ಘೋಷಿಸಿತು. ಅಲ್ಲಿನ ಮಣ್ಣು ಸುಧಾರಿಸಬಹುದು, ಸಂತೋಷ. ಆ ಆಲೂಗಡ್ಡೆ ಪಕ್ಕದ ಮನೆಯ ಪಲ್ಯಕ್ಕೆ ಬರುವುದಿಲ್ಲ.

ಪ್ರಮಾಣಪತ್ರದ ತಲೆನೋವು ಸ್ಥಳೀಯ ಮಾರಾಟದಲ್ಲಿ ಜನ ಅಂದುಕೊಂಡಷ್ಟು ದೊಡ್ಡದಲ್ಲ. ರಫ್ತಿಗೆ ಬೇಕಾದ ಪ್ರಮಾಣಪತ್ರ ದುಬಾರಿ. ಆದರೆ ಪಿಜಿಎಸ್ ಅಂತ ಒಂದು ವ್ಯವಸ್ಥೆ ಇದೆ. ಕನಿಷ್ಠ ಐದು ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ಪ್ರಮಾಣೀಕರಿಸಬಹುದು. ತಾವೇ ಬೆಳೆದು ತಿನ್ನುವವರಿಗೆ ನೇರ ಮಾರುವ ಸಣ್ಣ ರೈತರಿಗಂತೂ 2017ರ ಆಹಾರ ಸುರಕ್ಷತಾ ನಿಯಮದಲ್ಲಿ ಪ್ರಮಾಣಪತ್ರದಿಂದಲೇ ವಿನಾಯಿತಿ ಇದೆ. ಮೋಸ ಇಲ್ಲ ಅಂತಲ್ಲ, ಮಂಡಿಯಿಂದ ತಂದದ್ದಕ್ಕೆ ಸಾವಯವ ಚೀಟಿ ಅಂಟಿಸುವವರು ಇದ್ದಾರೆ. ಆದರೆ ತಿನ್ನುವವರು ವರ್ಷಕ್ಕೊಂದು ಸಲ ಹೊಲಕ್ಕೆ ಹೋಗಿ ನೋಡುವಷ್ಟು ಹತ್ತಿರ ಇದ್ದರೆ ಆ ಮೋಸ ಬಹಳ ದಿನ ನಡೆಯುವುದಿಲ್ಲ.

ಸರ್ಕಾರ ಏನು ಮಾಡಿದೆ? ದೇಶದಲ್ಲೇ ಮೊದಲು ಸಾವಯವ ಕೃಷಿ ನೀತಿ ತಂದದ್ದು ಕರ್ನಾಟಕ, 2004ರಲ್ಲಿ. ಆಮೇಲೆ ಸಾವಯವ ಭಾಗ್ಯ ಯೋಜನೆ ಬಂತು, ಹೋಬಳಿ ಮಟ್ಟದಲ್ಲಿ ಗುಂಪುಗಳಾದವು, ಪ್ರಾಂತೀಯ ಒಕ್ಕೂಟಗಳಾದವು. ಅದಕ್ಕೂ ಎಷ್ಟೋ ಮೊದಲು, 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಹಾಪ್‌ಕಾಮ್ಸ್ ಇದೆ. ಅಂದರೆ ನಮಗೆ ಸಂಸ್ಥೆ ಕಟ್ಟಿ ಗೊತ್ತು. ಇವುಗಳ ಗಮನ ಮಾತ್ರ ಹೆಚ್ಚಾಗಿ ಬೆಳೆಸುವುದರ ಕಡೆ, ಇಲ್ಲವೇ ಬೆಂಗಳೂರು-ಮೈಸೂರಿನ ಗ್ರಾಹಕರ ಕಡೆ. ತಾಲ್ಲೂಕಿನೊಳಗೆ ದಿನಾ ಕೊಳ್ಳುವ, ಬಾಗಿಲು ಮುಚ್ಚಿ ಊರಿಗೆ ಹೋಗದ ಒಬ್ಬ ದೊಡ್ಡ ಗ್ರಾಹಕ ಮೊದಲಿನಿಂದಲೂ ಇದ್ದಾನೆ. ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಮನೆ.

ಬಿಸಿಯೂಟದ ನಿಯಮದಲ್ಲಿ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ. 200 ಮಕ್ಕಳಿರುವ ಶಾಲೆಗೆ ದಿನಕ್ಕೆ 10 ಕಿಲೋ, ವಾರಕ್ಕೆ ಆರು ದಿನಕ್ಕೆ 60 ಕಿಲೋ. ಇದು ಸಣ್ಣ ರೈತನಿಗೆ ಹೇಳಿ ಮಾಡಿಸಿದ ಪ್ರಮಾಣ. ಅಂಥ ಮೂರು ಶಾಲೆ ಇದ್ದರೆ ಮೇಲೆ ಲೆಕ್ಕ ಹಾಕಿದ 40 ಮನೆಗೆ ಹತ್ತಿರ ಹತ್ತಿರ ಸಮ. ಸಾಂಬಾರಿಗೆ ಸೋರೆಕಾಯಿ ಮೂರನೇ ವಾರ ಬಂದರೂ ನಡೆಯುತ್ತದೆ. ಸೊಟ್ಟ ಬದನೆ, ಚಿಕ್ಕ ಕ್ಯಾರೆಟ್ಟು ಅಂತ ಯಾರೂ ಪಕ್ಕಕ್ಕಿಡುವುದಿಲ್ಲ. ಬ್ರೆಜಿಲ್ 2009ರಲ್ಲಿ ಇದನ್ನು ಕಾನೂನೇ ಮಾಡಿತು, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಕುಟುಂಬ ಕೃಷಿಕರಿಂದ ಕೊಳ್ಳಲು ಬಳಸಬೇಕು ಅಂತ.

ನಮ್ಮಲ್ಲಿ ಅಡ್ಡಿ ಬೆಲೆ. 2025ರ ಮೇ ತಿಂಗಳಿಂದ ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ ಸಾಮಗ್ರಿ ವೆಚ್ಚ 6 ರೂಪಾಯಿ 78 ಪೈಸೆ. ಬೇಳೆ, ಎಣ್ಣೆ, ಮಸಾಲೆ, ತರಕಾರಿ, ಸೌದೆ ಅಥವಾ ಗ್ಯಾಸು ಎಲ್ಲ ಅದರಲ್ಲೇ. ಬುಟ್ಟಿಯ ಬೆಲೆಯಂತೆ ಕಿಲೋಗೆ 60 ರೂಪಾಯಿ ಹಿಡಿದರೆ 50 ಗ್ರಾಂ ತರಕಾರಿಗೇ 3 ರೂಪಾಯಿ ಹೋಯಿತು, ಬೇಳೆಗೆ ಏನು ಉಳಿಯುತ್ತದೆ? ಕಿಲೋಗೆ 35 ಅಂದರೆ 1 ರೂಪಾಯಿ 75 ಪೈಸೆ, ಆಗ ಹೇಗೋ ಹೊಂದುತ್ತದೆ. ಮನೆಮನೆಗೆ ತಲುಪಿಸುವ ಓಡಾಟ ಇಲ್ಲ, ಉಳಿಕೆ ಇಲ್ಲ, ಒಂದೇ ಕಡೆ ಇಳಿಸಿ ಬರುವುದು ಅಂದಾಗ 35ಕ್ಕೆ ಕೊಡಲು ಒಪ್ಪುವ ರೈತರು ಸಿಗಬಹುದು. ಅದಕ್ಕಿಂತ ಕೆಳಗೆ ಕಷ್ಟ. ಮಿಕ್ಕ ವ್ಯತ್ಯಾಸವನ್ನು ಗ್ರಾಮ ಪಂಚಾಯಿತಿಯೋ ರಾಜ್ಯವೋ ತುಂಬಿಕೊಡಬೇಕು. ಮಗುವಿಗೆ ದಿನಕ್ಕೆ ಒಂದು ರೂಪಾಯಿ ಸೇರಿಸಿದರೆ ತರಕಾರಿಯ ಲೆಕ್ಕದಲ್ಲಿ ಅದು ಕಿಲೋಗೆ 20 ರೂಪಾಯಿ ಆಗುತ್ತದೆ, ರೈತನಿಗೆ 55 ಕೊಡಬಹುದು.

ಇನ್ನೊಂದು ವಿಷಯ, ಬಿಲ್ಲು. ಶಾಲೆಗೆ ಹಣ ಬರುವುದು ತಡವಾದರೆ ಮುಖ್ಯ ಶಿಕ್ಷಕರು ಪೇಟೆಯ ಅಂಗಡಿಯಲ್ಲಿ ಉದ್ದರಿ ತರುತ್ತಾರೆ, ಅಂಗಡಿಯವರು ಎರಡು ಮೂರು ತಿಂಗಳು ತಡೆದುಕೊಳ್ಳುತ್ತಾರೆ. ಶನಿವಾರ ಆಳಿಗೆ ಬಟವಾಡೆ ಕೊಡಬೇಕಾದ ರೈತ ತಡೆದುಕೊಳ್ಳಲಾರ. ಹಾಗಾಗಿ ಯಾವುದಾದರೂ ಜಿಲ್ಲೆಯಲ್ಲಿ ಇದನ್ನು ಶುರು ಮಾಡುವುದಾದರೆ, ಮೊದಲು ಪ್ರತಿ ಶಾಲೆಯ ಖಾತೆಯಲ್ಲಿ ಎರಡು ತಿಂಗಳ ತರಕಾರಿ ಹಣವನ್ನು ಮುಂಚಿತವಾಗಿ ಇಡಬೇಕು. 200 ಮಕ್ಕಳ ಶಾಲೆಗೆ, ಕಿಲೋಗೆ 55ರ ಲೆಕ್ಕದಲ್ಲಿ, ಅದು 30 ಸಾವಿರ ರೂಪಾಯಿಯೂ ಆಗುವುದಿಲ್ಲ.